ಆಂಟಿಯ ಅಪ್ಪನನ್ನು ನೋಡಲು ಹೋದದ್ದು

ನಮ್ಮ ಪಕ್ಕದ ಮನೆಯ ಆಂಟಿಗೆ ಎಂಬತ್ತು ದಾಟಿ ಕೆಲವು ವರ್ಷಗಳಾದವು. ಅವರ ಅಪ್ಪ ಮಾತ್ರ ಇಪ್ಪತ್ತರ ಹರೆಯದಲ್ಲೇ ಉಳಿದುಬಿಟ್ಟಿದ್ದಾನೆ. ಎರಡನೆಯ ಮಹಾಯುದ್ಧಕ್ಕೆಂದು ಆತ ಹಡಗು ಹತ್ತಿದಾಗ ಆಂಟಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ಈಜಿಪ್ಟಿನ ಎಲ್ ಅಲಮೇನ್ ಎಂಬಲ್ಲಿ, ಸಮುದ್ರಕ್ಕೆ ತಾಗಿಕೊಂಡಿರುವ ಮರಳುಗಾಡಿನಲ್ಲಿ, ಆತ ಸತ್ತಾಗ ಅವರು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದರು. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಲೇ ಇಲ್ಲ. ತಾಯಿ ಮತ್ತೆ ಮದುವೆಯಾದರು. ಹೊಸ ಗಂಡನ ಮನೆಯಲ್ಲಿ ಹಳೆಯವನ ಮಾತು ಎತ್ತುವಂತಿರಲಿಲ್ಲ. ಆಂಟಿಗೆ ಅಂತ ಉಳಿದದ್ದು ಅಪ್ಪನ ಒಂದೇ ಒಂದು ಫೋಟೊ. ಟೋಪಿಯ ಒಂದು ಅಂಚನ್ನು ಮೇಲಕ್ಕೆ ಮಡಚಿದ, ನಗಲೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗನೊಬ್ಬನ ಫೋಟೊ.

ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯುವುದು ಆಸ್ಟ್ರೇಲಿಯಾದ ರೂಢಿ. ನನ್ನಿಂದ ಅದು ಆಗಲಿಲ್ಲ. ಅಡಿಲೇಡ್‌ಗೆ ಬಂದು ಗ್ಲೆನೆಲ್ಗ್‌ನ ಈ ಮನೆ ಹಿಡಿದ ಹೊಸದರಲ್ಲಿ ಬಾಯಿತಪ್ಪಿ "ಆಂಟಿ" ಎಂದುಬಿಟ್ಟೆ. ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು, ಇಷ್ಟವಾಯಿತು, ಅಂದಿನಿಂದ ಅದೇ ಗಟ್ಟಿಯಾಯಿತು. ನನ್ನನ್ನು ಅವರು "ಲವ್" ಎನ್ನುತ್ತಾರೆ. ಅಂಗಡಿಯವನನ್ನೂ ಪೋಸ್ಟಿನವಳನ್ನೂ ಹಾಗೆಯೇ ಕರೆಯುತ್ತಾರೆ, ಆ ಮಾತು ಬೇರೆ.

ಒಂದು ಸಂಜೆ ಬೇಲಿಯ ಮೇಲಿನಿಂದ ತಮ್ಮ ಗಿಡದ ಲಿಂಬೆಹಣ್ಣು ಕೊಡುತ್ತಾ ಅವರು ಕೇಳಿದರು:

"ಲವ್, ನೀನು ಬೆಳೆದದ್ದು ಕುವೈತ್‌ನಲ್ಲಿ ಅಲ್ವಾ? ನಿನಗೆ ಮರಳುಗಾಡು ಗೊತ್ತು. ನನ್ನನ್ನ ಅಲಮೇನ್‌ಗೆ ಕರ್ಕೊಂಡು ಹೋಗ್ತೀಯಾ? ನಾನು ಹೋಗೋದ್ರೊಳಗೆ ಅಪ್ಪನ್ನ ಒಂದ್ಸಲ ನೋಡ್ಬೇಕು."

"ನೋಡೋಣ ಆಂಟಿ," ಎಂದೆ.

ನಾವು "ನೋಡೋಣ" ಎಂದರೆ ಹೆಚ್ಚುಕಡಿಮೆ ಆಗುವುದಿಲ್ಲ ಎಂದೇ ಅರ್ಥ. ಅವರಿಗೆ ಅದು ಹೇಗೆ ತಿಳಿಯಬೇಕು? ಪರ್ತ್‌ನಲ್ಲಿರುವ ಮಗನಿಗೆ ಅಂದೇ ಫೋನ್ ಮಾಡಿ, ಪಕ್ಕದ ಮನೆಯ ಇಂಡಿಯನ್ ಹುಡುಗಿ ತನ್ನನ್ನು ಕರೆದುಕೊಂಡು ಹೋಗಲು ಒಪ್ಪಿದ್ದಾಳೆ ಎಂದು ಹೇಳಿಬಿಟ್ಟಿದ್ದರು. ಹುಡುಗಿ ಎಂದರೆ ನಾನು. ನನಗೆ ಐವತ್ತು ಹತ್ತಿರವಾಗಿತ್ತು. ಮರುದಿನ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ನಾನು ಕೆಲಸದಲ್ಲಿದ್ದಾಗ ಆ ಮಗನೇ ನನಗೆ ಫೋನ್ ಮಾಡಿ ರೇಗಿದ. ನಾನೇ ಅವನ ತಾಯಿಯ ತಲೆ ಕೆಡಿಸಿದ್ದೇನೆ ಎಂಬಂತೆ ಮಾತಾಡಿದ. ಇಲ್ಲಪ್ಪ, ನಾನು ಒಪ್ಪಿಲ್ಲ ಎಂದು ಹೇಳಲು ಅದೇ ಸರಿಯಾದ ಸಮಯವಾಗಿತ್ತು. ಅದೇಕೋ, "ಅವರಿಗೆ ಹೋಗಲೇಬೇಕು ಅಂತಿದ್ದರೆ ನಾನು ಜೊತೆಗೆ ಹೋಗ್ತೀನಿ," ಎಂದೆ.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಆತ ತಟ್ಟೆ ಬಿಟ್ಟು ನನ್ನ ಮುಖ ನೋಡಿದ. ಮೈಸೂರಿನವನು, ಹೆಚ್ಚು ಮಾತಿನವನಲ್ಲ.

"ನಿಂಗೆ ಅಲ್ಲಿಗೆ ಹೋಗೋಕಾಗುತ್ತಾ?" ಎಂದ.

"ಯಾಕಾಗಲ್ಲ?"

"ಗ್ಲೆನೆಲ್ಗ್ ಬೀಚಿನ ಮರಳಿಗೇ ನೀನು ಚಪ್ಪಲಿ ಬಿಚ್ಚಲ್ಲ. ಅದಕ್ಕೆ ಕೇಳ್ದೆ."

ಆತ ಕೇಳಿದ್ದರ ಹಿಂದೆ ಏನಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಮಂಗಳೂರು ಕಡೆಯ ಕ್ರೈಸ್ತರ ಮನೆಯವಳು. ಮನೆಮಾತು ಕೊಂಕಣಿ. ಪಪ್ಪ ಕುವೈತ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿದ ವರ್ಷ ನಾನು ಇನ್ನೂ ಶಾಲೆಗೆ ಹೋಗುವ ಹುಡುಗಿ, ತಮ್ಮ ಸಣ್ಣವನು, ತಂಗಿ ಇನ್ನೂ ಹಾಲು ಕುಡಿಯುವ ಕೂಸು. ಎಷ್ಟೋ ಇಂಡಿಯದವರಂತೆ ನಾವೂ ಸಿಕ್ಕಿದ ಬಸ್ಸು ಹತ್ತಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಗೆ ಹೋದೆವು. ಅಲ್ಲಿ ಮರಳಿನಲ್ಲಿ ಸಾಲು ಸಾಲು ಡೇರೆ. ನೀರಿನ ಲಾರಿ ಬಂದರೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ತಂಗಿಗೆ ವಾಂತಿಭೇದಿ ಹಿಡಿಯಿತು. ಒಂದು ಮಧ್ಯಾಹ್ನ ಕೂಸು ಮಮ್ಮಿಯ ಮಡಿಲಲ್ಲೇ ಹೋಯಿತು. ಪಪ್ಪ ಮತ್ತು ಪಕ್ಕದ ಡೇರೆಯ ಗಂಡಸರು ಅದನ್ನು ಮಮ್ಮಿಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಹೋಗಲಿಲ್ಲ. ಆಮೇಲೆ ಅಮ್ಮಾನ್, ವಿಮಾನ, ಮುಂಬಯಿ, ಮತ್ತೆ ಬಸ್ಸು, ಮಂಗಳೂರು. ಅಲ್ಲಿ ಸಿಸ್ಟರ್‌ಗಳ ಕನ್ನಡ ಶಾಲೆಗೆ ಸೇರಿದೆ. ನಾನು ಈಗ ಬರೆಯುತ್ತಿರುವ ಕನ್ನಡ ಅಲ್ಲಿನದು.

ತಂಗಿಯ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಮಾತಾಡಬಾರದು ಎಂದು ಯಾರೂ ಹೇಳಿದ್ದೂ ಇಲ್ಲ. ಬಾಯಿ ತೆರೆದವರು ಮಮ್ಮಿಯ ಮುಖ ನೋಡಿ ಬೇರೇನನ್ನೋ ಹೇಳುತ್ತಿದ್ದರು. ನನಗೆ ಮಾತ್ರ ಅಲ್ಲಿಂದ ಒಂದು ರೋಗ ಅಂಟಿತು. ಕೂತಲ್ಲಿ ಕೂತಿರಲಾಗುವುದಿಲ್ಲ. ಸಿನಿಮಾದ ಮಧ್ಯೆ ಎದ್ದು ಹೊರಗೆ ಹೋಗಿ ಬರುತ್ತೇನೆ. ಪೂಜೆಯ ಹೊತ್ತಿಗೆ ಇಗರ್ಜಿಯ ಹಿಂದಿನ ಬಾಗಿಲ ಬಳಿಯೇ ನಿಲ್ಲುತ್ತೇನೆ. ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ನೀರಿನ ಕ್ಯಾನ್ ಇರಬೇಕು. ಅಡಿಲೇಡ್‌ನೊಳಗೇ ಇರುವ ಪ್ರಾಸ್ಪೆಕ್ಟ್ ಬಡಾವಣೆಗೆ ದಿನಸಿ ತರಲು ಹೋಗುವಾಗಲೂ. ಮಗಳು ನಗುತ್ತಾಳೆ. "ಮಮ್, ವಿ ಆರ್ ಗೋಯಿಂಗ್ ಟು ಬೈ ದೋಸಾ ಬ್ಯಾಟರ್," ಎನ್ನುತ್ತಾಳೆ.

ಹೋಗುವ ದಾರಿಯಲ್ಲಿ ಪರ್ತ್‌ನಲ್ಲಿ ಆಂಟಿಯ ಮಗನ ಮನೆಯಲ್ಲಿ ಉಳಿದೆವು. ಗಣಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದ ದೊಡ್ಡ ಗಾತ್ರದ ಮನುಷ್ಯ. ಹಿತ್ತಿಲಲ್ಲಿ ಬಾರ್ಬೆಕ್ಯೂ ಒಲೆ ಹಚ್ಚಿ ಮಾಂಸ ತಿರುವಿ ಹಾಕುತ್ತಾ ತಾಯಿಯ ಜೊತೆ ಜಗಳಕ್ಕೆ ನಿಂತ.

"ಮಮ್, ನಿನ್ನ ಮಂಡಿ ಆಪರೇಷನ್ ಆಗಿ ಎಷ್ಟು ದಿನ ಆಯ್ತು? ಆ ಮನುಷ್ಯ ನಿನ್ನನ್ನ ನೋಡೇ ಇಲ್ಲ. ಅವನಿಗೋಸ್ಕರ ಇಷ್ಟು ದೂರ?"

"ನೋಡಿಲ್ಲ ಅಂತಾನೇ ಹೋಗ್ತಿರೋದು. ನೋಡಿದ್ದಿದ್ರೆ ಮನೇಲಿ ಕೂತು ನೆನಪು ಮಾಡ್ಕೊಳ್ತಿದ್ದೆ," ಎಂದರು ಆಂಟಿ.

ಆತ ಬೆಂದ ತುಂಡೊಂದನ್ನು ತಾಯಿಯ ತಟ್ಟೆಗೆ ಹಾಕಿದ. ಮರುದಿನ ವಿಮಾನ ನಿಲ್ದಾಣದಲ್ಲಿ ತಾಯಿಯನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಕೊನೆಗೆ ಆಂಟಿಯೇ ಅವನ ಬೆನ್ನು ತಟ್ಟಿ, "ಸಾಕು, ವಿಮಾನ ಕಾಯಲ್ಲ," ಎಂದರು.

ಆಂಟಿ ವಿಮಾನದಲ್ಲಿ ಮಗುವಿನಂತೆ ನಿದ್ದೆ ಮಾಡಿದರು. ನಾನು ಓಡಾಡಿದೆ. ಕೊಲ್ಲಿ ದೇಶದ ವಿಮಾನ ನಿಲ್ದಾಣಕ್ಕೆ ಇಳಿಯುವಾಗ ಕೆಳಗೆ ಮರಳು ಮತ್ತು ನೀರು ಒಂದಕ್ಕೊಂದು ಅಂಟಿಕೊಂಡು ಕಂಡವು. ಕಿಟಕಿಯ ಪರದೆ ಎಳೆದೆ. ಅಲ್ಲಿ ವಿಮಾನ ಬದಲಿಸಿ ಈಜಿಪ್ಟ್ ತಲುಪಿ, ಅಲೆಕ್ಸಾಂಡ್ರಿಯಾದ ಹೋಟೆಲಿನಲ್ಲಿ ದಣಿವಾರಿಸಿಕೊಂಡು, ಒಬ್ಬ ಚಾಲಕನನ್ನು ಗೊತ್ತು ಮಾಡಿಕೊಂಡು ಸಮುದ್ರದಂಚಿನ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟೆವು. ಚಾಲಕ ನನ್ನ ವಯಸ್ಸಿನವನು, ಇಂಗ್ಲಿಷ್ ಬಲ್ಲವನು. ಅವನೊಡನೆ ಮಾತಾಡುವಾಗ ನಾನು ಮರೆತೇಬಿಟ್ಟಿದ್ದೇನೆ ಎಂದುಕೊಂಡಿದ್ದ ಅರಬ್ಬಿ ತುಣುಕು ತುಣುಕಾಗಿ ಬಾಯಿಗೆ ಬಂತು. ಮೊದಲು ಬಂದ ಪದ ನೀರು. ಕುವೈತ್‌ನವರು ಹೇಳುವಂತೆ ಹೇಳಿದೆ; ಆತ ನಕ್ಕು ಈಜಿಪ್ಟಿನವರು ಹೇಗೆ ಹೇಳುತ್ತಾರೆ ಎಂದು ತಿದ್ದಿದ.

ಯುದ್ಧಭೂಮಿ ಎಂದರೆ ನಾನು ಏನನ್ನು ಕಲ್ಪಿಸಿಕೊಂಡಿದ್ದೆನೋ. ದಾರಿಯುದ್ದಕ್ಕೂ ಸಿಕ್ಕಿದ್ದು ರೆಸಾರ್ಟುಗಳ ಗೇಟು, ಈಜುಕೊಳದ ಜಾಹೀರಾತು, ಕಟ್ಟುತ್ತಿರುವ ಗಗನಚುಂಬಿಗಳು. ಬಲಕ್ಕೆ ಹಸಿರು ಬೆರೆತ ನೀಲಿ ಸಮುದ್ರ, ಉಪ್ಪಿನಷ್ಟು ಬಿಳಿಯ ಮರಳು. ಎಡಕ್ಕೆ ಏನೂ ಇಲ್ಲ. ಬೂದುಬಣ್ಣದ ನೆಲ, ಮೊಣಕಾಲೆತ್ತರದ ಕುರುಚಲು ಗಿಡ, ಕಣ್ಣು ಹೋದಷ್ಟು ದೂರ ಅದೇ. ನಾನು ಎಡಗಡೆ ಕೂತಿದ್ದೆ. ಸೀಟಿನಲ್ಲಿ ಅತ್ತಿತ್ತ ಸರಿಯುತ್ತಲೇ ಇದ್ದೆ.

ಸೈನಿಕರ ಸ್ಮಶಾನದ ಮುಂದೆ ಕಾರು ನಿಂತಿತು. ಮೊದಲಿಗೆ ಉದ್ದನೆಯ ಕಮಾನುಗಳ ಕಟ್ಟಡ. ಅದರ ಗೋಡೆಗಳ ತುಂಬ ಹೆಸರುಗಳು, ಹೆಣವೂ ಸಿಗದವರ ಹೆಸರುಗಳು. ಅದನ್ನು ದಾಟಿದರೆ ಕೆಳಗೆ ಮರಳಿನಲ್ಲಿ ಬಿಳಿಯ ಕಲ್ಲುಗಳ ಸಾಲು, ಒಂದರ ಹಿಂದೆ ಒಂದು, ಎತ್ತರದ ಶಿಲುಬೆಯ ತನಕ. ಎಲ್ಲ ಕಲ್ಲೂ ಒಂದೇ ಎತ್ತರ. ನಡುನಡುವೆ ಯಾರೋ ಅಕ್ಕರೆಯಿಂದ ನೀರು ಹಾಕಿ ಸಾಕಿದ ಕಳ್ಳಿ ಮತ್ತು ಹೂವಿನ ಗಿಡಗಳು. ನಮ್ಮನ್ನು ಬಿಟ್ಟರೆ ತೋಟದ ಕೆಲಸದವನೊಬ್ಬನೇ ಅಲ್ಲಿದ್ದ.

ಆಂಟಿಗೆ ಅಪ್ಪನ ಸಾಲು ಯಾವುದೆಂದು ಮನೆಯಿಂದ ಹೊರಡುವ ಮೊದಲೇ ಗೊತ್ತಿತ್ತು. ನಡೆಯಲು ಆಸರೆಗೆಂದು ತಂದಿದ್ದ ಚಕ್ರದ ಕೈಗಾಡಿಯನ್ನು ಮರಳಿನಲ್ಲಿ ತಳ್ಳುತ್ತಾ ಯಾರ ಸಹಾಯವನ್ನೂ ತೆಗೆದುಕೊಳ್ಳದೆ ನಡೆದರು. ಕಲ್ಲಿನ ಮುಂದೆ ನಿಂತು ಹೆಸರನ್ನು ಓದಿದರು. ವಯಸ್ಸನ್ನು ಓದಿದರು. ಆಮೇಲೆ ಕೈಗಾಡಿಗೆ ಜೋಡಿಸಿದ ಸೀಟಿನ ಮೇಲೆ ಕೂತು ಕಲ್ಲಿನ ಕೆಳಭಾಗವನ್ನೇ ದಿಟ್ಟಿಸಿದರು.

ಅವರು ಅಳಬಹುದು ಎಂದು ಕರವಸ್ತ್ರ ಹಿಡಿದು ನಿಂತಿದ್ದೆ. ಅಳಲಿಲ್ಲ. ಮುಖ ಕೆಂಪಾಯಿತು.

"ಇಲ್ಲಿ ಏನೂ ಬರೆದಿಲ್ಲ," ಎಂದರು.

"ಬರೆದಿದೆಯಲ್ಲ ಆಂಟಿ, ಹೆಸರು, ದಳ..."

"ಅದಲ್ಲ. ಕೆಳಗೆ ನೋಡು. ಪಕ್ಕದವನದು ನೋಡು, ಅವನ ಪಕ್ಕದವನದು ನೋಡು."

ನೋಡಿದೆ. ಎಷ್ಟೋ ಕಲ್ಲುಗಳ ಬುಡದಲ್ಲಿ ಮನೆಯವರು ಬರೆಸಿದ ಒಂದೊಂದು ಸಾಲಿತ್ತು. ಅಮ್ಮ ನಿನ್ನನ್ನು ಮರೆತಿಲ್ಲ, ನಿನ್ನ ನಗು ನಮ್ಮೊಂದಿಗಿದೆ, ಅಂಥವು. ಆಂಟಿಯ ಅಪ್ಪನ ಕಲ್ಲಿನ ಬುಡ ಖಾಲಿ.

"ಏನಾದ್ರೂ ಬರೆಸ್ತೀರಾ ಅಂತ ಮನೆಯವರನ್ನ ಕೇಳ್ತಿದ್ರು. ನನ್ನ ಅಮ್ಮನ್ನೂ ಕೇಳಿರ್ತಾರೆ. ಒಂದು ಸಾಲು ಬರೆಯೋಕಾಗ್ಲಿಲ್ಲ ಅವಳಿಗೆ. ನಾನಿದ್ದೀನಿ ಅಂತಾನಾದ್ರೂ ಬರೀಬಹುದಿತ್ತು. ಒಬ್ಬಳು ಮಗಳಿದ್ದಾಳೆ ಅಂತ!"

ತಾಯಿ ಸತ್ತು ಎಷ್ಟು ಕಾಲವಾಯಿತೋ. ಆ ತಾಯಿಯ ಮೇಲೆ ಎಂಬತ್ತು ದಾಟಿದ ಮಗಳು ಹೀಗೆ ಕೂಗಾಡುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ತೋಟದವನು ಕೆಲಸ ನಿಲ್ಲಿಸಿ ನಮ್ಮತ್ತ ನೋಡಿದ. "ನಿಮ್ಮ ಅಮ್ಮನಿಗೂ ಆಗ ಚಿಕ್ಕ ವಯಸ್ಸು ಆಂಟಿ," ಎಂದೆ. ಆಂಟಿ ಧಡಕ್ಕನೆ ಎದ್ದರು.

"ನಡಿ. ಇಲ್ಲಿ ಅವನಿಲ್ಲ. ಅವನು ಸತ್ತ ಜಾಗ ನೋಡ್ಬೇಕು ನನಗೆ."

ಚಾಲಕ ಬೇಡವೆಂದ. ಕಾಳಗ ನಡೆದ ದಿಬ್ಬಗಳ ಕಡೆ ಇನ್ನೂ ನೆಲಬಾಂಬುಗಳಿವೆ, ತೆಗೆದದ್ದು ಎಷ್ಟೋ, ಉಳಿದದ್ದು ಎಷ್ಟೋ, ಕುರಿ ಕಾಯುವವರು ಈಗಲೂ ಕಾಲು ಕಳೆದುಕೊಳ್ಳುತ್ತಾರೆ ಎಂದ. ಆಂಟಿ ಕೇಳಲಿಲ್ಲ. ಕೊನೆಗೆ, ಟಾರು ರಸ್ತೆಯ ಮೇಲಿನಿಂದ ತೋರಿಸುತ್ತೇನೆ, ಕಾರಿನಿಂದ ಇಳಿಯಬಾರದು ಎಂದು ಮಾತು ತೆಗೆದುಕೊಂಡು ಒಳರಸ್ತೆಗೆ ತಿರುಗಿಸಿದ. ಸಮುದ್ರ ಬೆನ್ನಿಗೆ ಬಿತ್ತು. ಒಂದು ಕಡೆ ನಿಲ್ಲಿಸಿ, ದೂರದಲ್ಲಿ ನೆಲ ಸ್ವಲ್ಪ ಉಬ್ಬಿದ್ದನ್ನು ತೋರಿಸಿ, ಆಸ್ಟ್ರೇಲಿಯಾದವರು ಆ ಕಡೆಯೆಲ್ಲ ಇದ್ದರು ಎಂದ. ಅದನ್ನು ದಿಬ್ಬ ಎನ್ನಬೇಕಾದರೆ ಮೊದಲು ಯಾರಾದರೂ ಹೇಳಿಕೊಡಬೇಕು. ಅಷ್ಟಕ್ಕಾಗಿ ಜನ ಸತ್ತರೇ ಎಂದು ಕೇಳುವಷ್ಟು ಚಪ್ಪಟೆ.

ನಾನು ಚಾಲಕನಿಗೆ ನೀರಿನ ಬಾಟಲಿ ತೆಗೆದುಕೊಡುತ್ತಿದ್ದೆ. ಬಾಗಿಲು ತೆರೆದ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಆಂಟಿ ಇಳಿದು, ಕೈಗಾಡಿಯನ್ನೂ ಎಳೆದುಕೊಂಡು, ರಸ್ತೆ ಬಿಟ್ಟು ಮರಳಿಗೆ ಕಾಲಿಟ್ಟಾಗಿತ್ತು.

ನನ್ನ ಬಾಯಿಂದ ಇಂಗ್ಲಿಷ್ ಬರಲಿಲ್ಲ. "ರಾವ್! ರಾವ್!" ಎಂದು ಕಿರುಚಿದೆ. ಕೊಂಕಣಿಯಲ್ಲಿ ನಿಲ್ಲು ಎಂದು. ಆಂಟಿಗೆ ಅದು ಹೇಗೆ ಅರ್ಥವಾಗಬೇಕು? ಅವರು ನಡೆಯುತ್ತಲೇ ಇದ್ದರು. ಗಾಳಿಗೆ ಅವರ ಅಂಗಿ ಹಾರಾಡುತ್ತಿತ್ತು. ನಾನು ರಸ್ತೆಯ ಅಂಚಿನ ತನಕ ಓಡಿದೆ, ಆಮೇಲೆ ಕಾಲು ಮುಂದೆ ಹೋಗಲಿಲ್ಲ. ಬಾಂಬಿನ ಹೆದರಿಕೆಯೇ ಆಗಿದ್ದರೆ ಹೇಳಿಕೊಳ್ಳಲು ಸುಲಭವಿತ್ತು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಬೆನ್ನು ತಿರುಗಿಸಿ ಮರಳಿನಲ್ಲಿ ದೂರವಾಗುತ್ತಿರುವ ಪಪ್ಪನ ಬಿಳಿ ಅಂಗಿ, ಅವರ ತೋಳಿನ ಮೇಲಿನ ಸಣ್ಣ ಗಂಟು. ಕಿರುಚುತ್ತಲೇ ಇದ್ದೆ.

ಕೈಗಾಡಿಯ ಚಕ್ರ ಮರಳಿನಲ್ಲಿ ಹೂತುಕೊಂಡಿದ್ದರಿಂದ ಆಂಟಿ ನಿಂತರು. ಚಾಲಕ ಅವರ ಹೆಜ್ಜೆ ಬಿದ್ದ ಕಡೆಯೇ ಹೆಜ್ಜೆಯಿಟ್ಟು ನಿಧಾನವಾಗಿ ಹೋದ. ಏನೂ ಬೈಯಲಿಲ್ಲ. ಅವರ ಕೈ ಹಿಡಿದು, ಅದೇ ಹೆಜ್ಜೆಗಳ ಮೇಲೆ ಹಿಂದಕ್ಕೆ ಕರೆತಂದ. ಕೈಗಾಡಿ ಅಲ್ಲೇ ಉಳಿಯಿತು. ಅದನ್ನು ತರಲು ಮತ್ತೊಮ್ಮೆ ಹೋಗುತ್ತೇನೆ ಎಂದ ಅವನ ತೋಳು ಹಿಡಿದು ಬೇಡವೆಂದೆ. ಅಷ್ಟಾದ ಮೇಲೆ ಕಾದ ಟಾರಿನ ಮೇಲೆ ಕೂತುಬಿಟ್ಟೆ. ಹಲ್ಲುಗಳು ಕಟಕಟ ಎನ್ನುತ್ತಿದ್ದವು, ಅಷ್ಟು ಬಿಸಿಲಿನಲ್ಲಿ.

ಕಾರಿನೊಳಗೆ ಕೂರಿಸಿ ಆಂಟಿ ನನ್ನ ಕೈಗಳನ್ನು ತಮ್ಮ ಮಡಿಲಲ್ಲಿ ಹಿಡಿದುಕೊಂಡರು.

"ನಾನು ಮಾಡಿದ್ದು ತಪ್ಪು. ಆದ್ರೆ ನೀನು ಕಿರುಚಿದ್ದು ನನಗಲ್ಲ ಲವ್. ಯಾರಿಗೆ?" ಎಂದರು.

ಹೇಳಿದೆ. ಬಸ್ಸು, ಡೇರೆ, ನೀರಿನ ಲಾರಿ, ಸೀರೆ, ಎಲ್ಲ. ಗಂಡನಿಗೆ ಮದುವೆಯ ಮುಂಚೆ ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದನ್ನು ಆ ಕಾರಿನಲ್ಲಿ ಮೊದಲಿನಿಂದ ಕೊನೆಯ ತನಕ ಹೇಳಿದೆ. ಮುಂದಿನ ಸೀಟಿನಲ್ಲಿ ಚಾಲಕ ಎಂಜಿನ್ ಆರಿಸಿ, ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟುಕೊಂಡು ಕೂತಿದ್ದ. ಆಂಟಿ ಅಯ್ಯೋ ಪಾಪ ಎನ್ನಲಿಲ್ಲ. ಎಲ್ಲ ಮುಗಿದ ಮೇಲೆ, "ಅವಳ ಹೆಸರೇನು?" ಎಂದು ಕೇಳಿದರು.

ಹೇಳಿದೆ. ನನ್ನ ದನಿಯಲ್ಲಿ ಆ ಹೆಸರನ್ನು ನಾನೇ ಕೇಳಿ ಎಷ್ಟು ವರ್ಷವಾಗಿತ್ತೋ. ಆಂಟಿ ಅದನ್ನು ಹೇಳಲು ಹೋಗಿ ತಪ್ಪಾಗಿ ಹೇಳಿದರು. ತಿದ್ದಿದೆ. ಮತ್ತೆ ತಪ್ಪಿದರು. ನಾಲಿಗೆಯನ್ನು ಹಲ್ಲಿಗೆ ತಾಗಿಸಬೇಕು ಎಂದು ತೋರಿಸಿಕೊಟ್ಟೆ. ಸರಿಯಾಗಿ ಬರುವ ತನಕ ಅವರು ಬಿಡಲಿಲ್ಲ.

ಮರುದಿನ ಮತ್ತೆ ಸ್ಮಶಾನಕ್ಕೇ ಹೋದೆವು. ನನಗೆ ಬೇಡವಾಗಿತ್ತು. ಆಂಟಿಗೆ ಅಪ್ಪನ ಹತ್ತಿರದಿಂದ ಸಿಟ್ಟಿನಲ್ಲೇ ಎದ್ದು ಬಂದದ್ದು ಸರಿಬರಲಿಲ್ಲ. ಹೋಟೆಲಿನಿಂದ ತಂದ ಪ್ಲಾಸ್ಟಿಕ್ ಕುರ್ಚಿಯನ್ನು ಚಾಲಕ ಕಲ್ಲಿನ ಮುಂದೆ ಹಾಕಿಕೊಟ್ಟ. ಆಂಟಿ ಕೂತು, ಎದುರಿಗೆ ಮನುಷ್ಯನೇ ಇದ್ದಂತೆ ಮಾತಿಗೆ ಶುರುಮಾಡಿದರು: ಅಮ್ಮ ಹೇಗಿದ್ದಳು, ಎರಡನೆಯ ಗಂಡ ಕೆಟ್ಟವನಲ್ಲ ಆದರೆ ಹೊಟ್ಟೆಕಿಚ್ಚಿನವನು, ತನ್ನ ಮದುವೆ, ಮಗ, ಮಂಡಿಯ ಆಪರೇಷನ್. ನಿನ್ನ ಹೆಂಡತಿ ಒಂದು ಸಾಲೂ ಬರೆಸಲಿಲ್ಲ ಕಣಯ್ಯಾ ಎಂದು ನಡುವೆ ದೂರಿದ್ದೂ ಕೇಳಿಸಿತು.

ಅವರನ್ನು ಅವರ ಪಾಡಿಗೆ ಬಿಟ್ಟು ನಾನು ಸಾಲುಗಳ ನಡುವೆ ಅಲೆದೆ. ಒಂದು ಕಡೆ ನಿಲ್ಲಲು ಪ್ರಯತ್ನಪಟ್ಟೆ, ಆಗಲಿಲ್ಲ. ಹೆಸರು ಗೊತ್ತಿಲ್ಲದವರ ಕಲ್ಲುಗಳೂ ಬೇಕಾದಷ್ಟಿದ್ದವು. ಯುದ್ಧದ ಒಬ್ಬ ಸೈನಿಕ ಎಂದಷ್ಟೇ ಅವುಗಳ ಮೇಲೆ. ಹೆಸರಿಲ್ಲದಿದ್ದರೂ ಆರಡಿ ಜಾಗ, ನೆಟ್ಟಗೆ ನಿಂತ ಕಲ್ಲು, ಬುಡಕ್ಕೊಂದು ಗಿಡ. ಇನ್ನೊಂದು ಬದಿಯಲ್ಲಿ ಹೂಳದೆ ದಹನಸಂಸ್ಕಾರ ಮಾಡಲಾದ ಸೈನಿಕರ ಸ್ಮಾರಕ. ಅದರ ಮೇಲೆ ನಮ್ಮ ದೇಶದವರು: ಸಿಂಗ್, ರಾಮ್, ಬಹಾದೂರ್. ದಕ್ಷಿಣದ ಕಡೆಯವು ಎನ್ನಿಸುವ ಹೆಸರುಗಳೂ ಒಂದೆರಡು ಕಂಡವು. ಯಾವ ಊರೋ, ಮನೆಯಲ್ಲಿ ಯಾರು ಯಾರು ಕಾದರೋ. ಆ ಕಲ್ಲನ್ನು ಮುಟ್ಟಿದಾಗ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡೆ. ಬಂದದ್ದು ಸಿಟ್ಟು. ಬಂದೂಕು ಹಿಡಿದು ಬಂದವರಿಗೆ ಇಷ್ಟೆಲ್ಲ. ಹಾಲಿನ ಬಾಟಲಿ ಹಿಡಿದು ಬಂದವಳಿಗೆ ಏನೂ ಇಲ್ಲ. ಈ ಸಿಟ್ಟಿಗೆ ಅರ್ಥವಿಲ್ಲ ಎಂದು ನನಗೂ ಗೊತ್ತಿತ್ತು, ಮಲಗಿದವರೆಲ್ಲ ನನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡವರು. ಆದರೂ ಅದು ಇಳಿಯಲಿಲ್ಲ. ಹೊರಗೆ ಹೋದೆ, ಒಳಗೆ ಬಂದೆ, ಕಮಾನುಗಳ ಕೆಳಗೆ ಆ ತುದಿಯಿಂದ ಈ ತುದಿಗೆ ನಡೆದೆ.

ಹಿಂದಿರುಗುವ ಮುನ್ನ ಜರ್ಮನ್ನರ ಸ್ಮಾರಕ, ಇಟಲಿಯವರ ಸ್ಮಾರಕಗಳನ್ನೂ ನೋಡಲೇಬೇಕು ಎಂದರು ಆಂಟಿ.

"ಸಾಕು ಆಂಟಿ, ನಡೀರಿ," ಎಂದೆ.

"ಅವರಿಗೂ ಮಕ್ಕಳಿದ್ರಲ್ಲ," ಎಂದರು.

ಜರ್ಮನ್ನರದು ಕೋಟೆಯಂಥ ಕಟ್ಟಡ, ಒಳಗೆ ತಂಪು, ಕತ್ತಲು. ಇಟಲಿಯವರದು ಬಿಳಿಯ ಗೋಪುರ, ಕಿಟಕಿಯಾಚೆ ಸಮುದ್ರ. ಎರಡರಲ್ಲೂ ಆಂಟಿ ನನ್ನ ತೋಳು ಹಿಡಿದು ನಿಂತು, ಓದಲು ಬಾರದ ಹೆಸರುಗಳ ಮೇಲೆ ಬೆರಳಾಡಿಸಿದರು. ಅವರ ಮುಖ ಆಗ ಸಮಾಧಾನವಾಗಿತ್ತು. ನನ್ನದಿರಲಿಲ್ಲ.

ಅಡಿಲೇಡ್‌ಗೆ ಬಂದ ಮೇಲೆ ನನಗೆ ಮನೆ ಹಿಡಿಸಲಿಲ್ಲ. ಕೆಲಸಕ್ಕೆ ಹೋದರೆ ಎಕ್ಸ್‌ರೇ ಯಂತ್ರದ ಮುಂದೆ ರೋಗಿಗೆ ಅಲುಗಾಡಬೇಡಿ ಎನ್ನುವವಳು ನಾನೇ ಒಂದು ಕಾಲ ಮೇಲೆ ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಗಂಡ, "ಬ್ರಿಸ್ಬೇನ್‌ಗೆ ಹೋಗಿ ಬಾ. ನಿಮ್ಮ ಮಮ್ಮಿ ಹತ್ರ ಕೇಳೋದನ್ನ ಕೇಳಿಬಿಡು. ಇಲ್ಲಿ ಸುತ್ತು ಹೊಡೆದ್ರೆ ಏನು ಬಂತು?" ಎಂದ. ಮಮ್ಮಿ ಇರುವುದು ಬ್ರಿಸ್ಬೇನ್‌ನಲ್ಲಿ, ತಮ್ಮನ ಮನೆಯಲ್ಲಿ. ಪಪ್ಪ ತೀರಿಕೊಂಡದ್ದೂ ಅಲ್ಲೇ, ಮಣ್ಣಾದದ್ದೂ ಅಲ್ಲೇ.

ಮಮ್ಮಿ ಅಡುಗೆಮನೆಯಲ್ಲಿ ಸಿಗಡಿ ಸುಲಿಯುತ್ತಾ ಕೂತಿದ್ದರು. ಎದುರಿಗೆ ಕೂತು ನಾನೂ ಸುಲಿಯತೊಡಗಿದೆ. ಆಂಟಿಯ ಅಪ್ಪನ ಕಥೆ ಹೇಳಿದೆ, ಖಾಲಿ ಬಿಟ್ಟ ಕಲ್ಲಿನ ಕಥೆ ಹೇಳಿದೆ. ಮಮ್ಮಿ ತಲೆ ಎತ್ತದೆ ಕೇಳಿದರು. ನಮ್ಮ ಮಾತು ನಡೆದದ್ದು ಕೊಂಕಣಿಯಲ್ಲಿ, ಕನ್ನಡದಲ್ಲಿ ಬರೆಯುತ್ತೇನೆ.

"ಆ ಹೆಂಗಸನ್ನ ಬೈಬೇಡ ಅಂತ ನಿನ್ನ ಆಂಟಿಗೆ ಹೇಳು," ಎಂದರು. "ಏನು ಬರೆಸ್ತೀರಿ ಅಂತ ಬಂದು ಕೇಳಿದ್ರೆ ಏನು ಹೇಳ್ಬೇಕು? ನನ್ನನ್ನ ಕೇಳಿದ್ದಿದ್ರೆ ನಾನೂ ಬಾಯಿ ಬಿಡ್ತಿರಲಿಲ್ಲ."

ಮಮ್ಮಿ ಇನ್ನೊಂದು ಸಿಗಡಿ ಎತ್ತಿಕೊಂಡರು.

"ನನ್ನನ್ನೂ ಕರ್ಕೊಂಡು ಹೋಗ್ಲಿಲ್ಲ, ಗೊತ್ತಾ? ಡೇರೆ ಬಾಗಿಲಲ್ಲಿ ನಿಂತು ನೋಡ್ದೆ. ಲಾರಿಗಳು ಅಡ್ಡ ಬಂದ್ವು. ಆಮೇಲೆ ನಿಮ್ಮ ಪಪ್ಪ ಕೈ ಒರೆಸ್ಕೊಂಡು ಬಂದ್ರು. ಗುರುತಿಗೆ ಏನಾದ್ರೂ ಇಟ್ರಾ ಅಂತ ಕೇಳ್ದೆ, ಮಾತಾಡ್ಲಿಲ್ಲ. ಇಟ್ಟಿಲ್ಲ ಅಂದ್ಕೊಂಡೆ. ಆ ಸಿಟ್ಟಲ್ಲೇ ಅವರ ಜೊತೆ ಇಷ್ಟು ವರ್ಷ ಬಾಳ್ವೆ ಮಾಡ್ದೆ ನಾನು. ಕೊನೆಗೆ ಆಸ್ಪತ್ರೆ ಮಂಚದ ಮೇಲೆ ಹೇಳಿದ್ರು. ಕಲ್ಲು ಹುಡುಕಿ ಹುಡುಕಿ ಶಿಲುಬೆ ಥರ ಜೋಡಿಸಿದ್ರಂತೆ. ಗಾಳಿಗೆ ಮುಚ್ಚಿಹೋಗುತ್ತೆ ಅಂತ ಗೊತ್ತಿತ್ತಂತೆ. ನಿಂಗೆ ಹೇಳಿದ್ರೆ ನೋಡ್ಬೇಕು ಅಂತ ಹಟ ಹಿಡೀತಿದ್ದಿ, ಅದಕ್ಕೇ ಹೇಳ್ಲಿಲ್ಲ ಅಂದ್ರು."

ಅಷ್ಟು ಹೇಳಿ ಎದ್ದು ಕೈ ತೊಳೆದರು. ಸೊಂಟಕ್ಕೆ ಕೈಕೊಟ್ಟು ಕಿಟಕಿಯಾಚೆ ನೋಡುತ್ತಾ ನಿಂತರು.

"ಪಪ್ಪನ ಕಲ್ಲಿನ ಮೇಲೆ ಜಾಗ ಇದೆ," ಎಂದರು. "ನನಗೆ ಅಂತ ಖಾಲಿ ಬಿಡಿಸಿದ್ದು. ಅವಳದ್ದನ್ನ ಮೊದಲು ಬರೆಸಿ."

ತಮ್ಮ ಕೆಲಸದಿಂದ ಬಂದಾಗ ಹೇಳಿದೆವು. ಅವನು ಒಪ್ಪಿದ. ಆದರೆ ಪಪ್ಪನ ಹೆಸರು ಇಂಗ್ಲಿಷಿನಲ್ಲಿರುವುದರಿಂದ ಇದೂ ಹಾಗೇ ಇರಲಿ, ಮಕ್ಕಳಿಗೆ ಓದಲಾಗಬೇಕಲ್ಲ ಎಂದ. ಮಮ್ಮಿ ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೊಂಕಣಿ ಬರೆಯುವುದೂ ಪ್ರಾರ್ಥನೆಯ ಪುಸ್ತಕ ಓದುವುದೂ ಕನ್ನಡ ಅಕ್ಷರದಲ್ಲೇ.

"ಮಕ್ಕಳಿಗೆ ನೀನು ಓದಿಸು. ನನಗೆ ಓದೋಕೆ ಬರೋ ಅಕ್ಷರದಲ್ಲಿ ಇರ್ಲಿ," ಎಂದರು.

ಬ್ರಿಸ್ಬೇನ್‌ನ ಕಲ್ಲು ಕೆತ್ತುವವನು ಕನ್ನಡ ಅಕ್ಷರವನ್ನು ಜನ್ಮದಲ್ಲಿ ನೋಡಿರಲಿಲ್ಲ. ಒಳ್ಳೆಯವನು, ಮಾಡುತ್ತೇನೆ ಎಂದ. ತಂಗಿಯ ಹೆಸರಿನಲ್ಲಿ ಒಂದು ಒತ್ತಕ್ಷರವಿದೆ. ಅವನ ಕಂಪ್ಯೂಟರಿನಲ್ಲಿ ಅದು ಕಳಚಿಕೊಂಡು ಪಕ್ಕಕ್ಕೆ ಹೋಗಿ ನಿಂತಿತ್ತು. ನಾನು ದೊಡ್ಡ ಹಾಳೆಯ ಮೇಲೆ ಕೈಯಲ್ಲಿ ಬರೆದುಕೊಟ್ಟೆ. ಅದನ್ನೇ ಅಚ್ಚು ತೆಗೆದು ಕೆತ್ತಿದ. ಹಾಗಾಗಿ ಅಲ್ಲಿರುವುದು ನನ್ನ ಅಕ್ಷರ, ಸ್ವಲ್ಪ ಬಲಕ್ಕೆ ವಾಲಿದ್ದು.

ನವೆಂಬರ್‌ನಲ್ಲಿ, ನಮ್ಮವರು ಸಮಾಧಿಗಳಿಗೆ ಹೋಗುವ ಸತ್ತವರ ದಿನದಂದು ಪಾದ್ರಿ ಬಂದು ಕಲ್ಲಿಗೆ ಆಶೀರ್ವಾದ ಮಾಡಿದರು. ನಾನು, ಗಂಡ, ಮಗಳು ಅಡಿಲೇಡ್‌ನಿಂದ ಹೋಗಿದ್ದೆವು. ಪ್ರಾರ್ಥನೆ ಮುಗಿದು ಮೇಣದಬತ್ತಿ ಹಚ್ಚಿ ಕಾರಿಗೆ ಬಂದೆವು. ತಮ್ಮ ಕೀಲಿ ತಿರುಗಿಸಿ, ಕಾರು ಹೊರಡಿಸದೆ ಹಾಗೇ ಕೂತ. ಆ ದಿನಗಳದ್ದು ಅವನಿಗೆ ಏನೂ ನೆನಪಿಲ್ಲ. ಅಷ್ಟು ಸಣ್ಣವನಿದ್ದ.

"ಮಮ್ಮಿ, ಅವಳು ಹೇಗಿದ್ಲು?" ಎಂದು ಕೇಳಿದ.

"ಕಚ್ತಿದ್ಲು," ಎಂದರು ಮಮ್ಮಿ. "ಆಗಷ್ಟೇ ಹಲ್ಲು ಬಂದಿತ್ತು. ನಿನ್ನ ಕಿವಿ ಸಿಕ್ಕಿದ್ರೆ ಬಿಡ್ತಿರಲಿಲ್ಲ."

ತಮ್ಮ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡು ಕಾರು ಹೊರಡಿಸಿದ. ಮಮ್ಮಿ ನಿಲ್ಲಿಸಲಿಲ್ಲ. ಫ್ಯಾನ್ ನೋಡಿ ಕೈ ತಟ್ಟುತ್ತಿದ್ದದ್ದು, ಪಪ್ಪನ ಮೀಸೆ ಕಂಡರೆ ಅಳುತ್ತಿದ್ದದ್ದು, ಅನ್ನದ ಗಂಜಿ ಉಗುಳುತ್ತಿದ್ದದ್ದು, ಬಸ್ಸಿನಲ್ಲಿ ಹಿಂದಿನ ಸೀಟಿನ ಮುದುಕನ ಟೋಪಿ ಎಳೆದದ್ದು, ಒಂದಾದ ಮೇಲೊಂದು ಹೇಳುತ್ತಾ ಹೋದರು. ಅವರ ದನಿ ಏರುತ್ತಿತ್ತು. ಮಗಳಿಗೆ ಕೊಂಕಣಿ ಪೂರ್ತಿ ಬಾರದು, ನನ್ನ ಪಕ್ಕದಲ್ಲಿ ಕೂತು, "ವಾಟ್ ಡಿಡ್ ಶಿ ಸೇ?" ಎಂದು ಪಿಸುಗುಟ್ಟುತ್ತಿದ್ದಳು. ಹೇಳಲು ಹೋದರೆ ಮುಂದಿನದು ತಪ್ಪಿಹೋಗುತ್ತದೆಂದು ನಾನು ಅವಳ ಕೈ ಒತ್ತಿ ಸುಮ್ಮನಿರಿಸಿದೆ. ಇನ್ನು ಸಾಕು, ಕಾರು ನಿಲ್ಲಿಸು, ಇಳಿಯುತ್ತೇನೆ ಎನ್ನಬೇಕು ಅನ್ನಿಸುತ್ತಿತ್ತು. ಮನೆ ಬಂದುಬಿಟ್ಟರೆ ಮಮ್ಮಿ ಇಳಿದು ಬಾಯಿ ಮುಚ್ಚಿಬಿಡುತ್ತಾರೇನೋ ಎಂಬ ದಿಗಿಲೂ ಇತ್ತು. ತಮ್ಮನಿಗೂ ಹಾಗೇ ಅನ್ನಿಸಿರಬೇಕು. ಮನೆಯ ತಿರುವು ಬಂದಾಗ ಅವನು ತಿರುಗಿಸಲಿಲ್ಲ, ನೇರ ಹೊಡೆದುಕೊಂಡು ಹೋದ.